ಮರದ ಹಳಿಯ ಮೇಲೆ ನೂರು ವರ್ಷ: ಕೋನಿ ಐಲೆಂಡಿನ ಸೈಕ್ಲೋನ್

ಬ್ರೂಕ್ಲಿನ್‌ನ ದಕ್ಷಿಣ ತುದಿಯಲ್ಲಿ, ನ್ಯೂಯಾರ್ಕ್ ನಗರ ಮುಗಿದು ಅಟ್ಲಾಂಟಿಕ್ ಸಾಗರ ಶುರುವಾಗುವ ಕಡೆ, ಕೋನಿ ಐಲೆಂಡ್ ಎಂಬ ಕಡಲತೀರವಿದೆ. ಅಲ್ಲಿ ಸರ್ಫ್ ಅವೆನ್ಯೂ ಮತ್ತು ವೆಸ್ಟ್ ಹತ್ತನೆಯ ಬೀದಿ ಕೂಡುವ ಮೂಲೆಯಲ್ಲಿ 1927ರ ಜೂನ್ 26ರಂದು ಹೊಸ ರೋಲರ್ ಕೋಸ್ಟರ್ ಒಂದು ಜನರಿಗೆ ತೆರೆದುಕೊಂಡಿತು. ಸೈಕ್ಲೋನ್ ಅದರ ಹೆಸರು, ಇಪ್ಪತ್ತೈದು ಸೆಂಟ್ ಅದರ ಟಿಕೆಟ್ಟು. 2027ರ ಜೂನ್ ತಿಂಗಳಿಗೆ ಅದಕ್ಕೆ ನೂರು ತುಂಬುತ್ತದೆ. ಇಂದಿಗೂ ಬೇಸಿಗೆ ಬಂದರೆ ಅದರ ಸರಪಳಿ ತಿರುಗುತ್ತದೆ, ಜನ ಸಾಲುಗಟ್ಟುತ್ತಾರೆ, ಮೊದಲ ಇಳಿಜಾರಿನ ಕೂಗು ಬೀದಿಯವರೆಗೂ ಕೇಳಿಸುತ್ತದೆ.

ಗುಡಿಗೆ, ಅರಮನೆಗೆ, ವಿದ್ಯಾಪೀಠಕ್ಕೆ ನೂರು ತುಂಬಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಬಹುಕಾಲ ಬಾಳಲೆಂದೇ ಅವನ್ನು ಕಟ್ಟಿರುತ್ತಾರೆ. ಮೋಜಿನ ಸವಾರಿಯ ಮಾತು ಬೇರೆ. ಕೆಲವು ಬೇಸಿಗೆ ಜನ ನುಗ್ಗಿ ಬಂದು ಹಾಕಿದ ದುಡ್ಡು ಹುಟ್ಟಿದರೆ ಸಾಕು, ಆಮೇಲೆ ಕಿತ್ತು ಹೊಸದನ್ನು ಕಟ್ಟಿದರಾಯಿತು ಎಂಬುದು ಆ ಉದ್ಯಮದ ರೂಢಿ. ಸೈಕ್ಲೋನ್ ಹುಟ್ಟಿದ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ರೋಲರ್ ಕೋಸ್ಟರ್‌ಗಳಿದ್ದವು. ಅವುಗಳಲ್ಲಿ ಕೆಲವೇ ಕೆಲವು ಇಂದು ಓಡುತ್ತಿವೆ. ಇದೊಂದು ಹೇಗೆ ಉಳಿಯಿತು, ಯಾರು ಉಳಿಸಿದರು ಎಂಬುದನ್ನು ಶತಮಾನದ ಹೊಸ್ತಿಲಲ್ಲಿ ನೆನೆಯುವುದು ನಮ್ಮ ಕರ್ತವ್ಯ.

ಕಲ್ಲಿದ್ದಲ ಬಂಡಿಯಿಂದ ಕಡಲತೀರಕ್ಕೆ

ಎತ್ತರದಿಂದ ಜಾರುವ ಮೋಜು ಮೊದಲು ರೂಪು ತಳೆದದ್ದು ರಷ್ಯಾದಲ್ಲಿ. ಸೇಂಟ್ ಪೀಟರ್ಸ್‌ಬರ್ಗ್ ಸುತ್ತಮುತ್ತ ಚಳಿಗಾಲದಲ್ಲಿ ಮರದ ಎತ್ತರದ ಅಟ್ಟಣಿಗೆ ಕಟ್ಟಿ, ಇಳಿಜಾರಿಗೆ ನೀರು ಹೊಯ್ದು ಮಂಜುಗಡ್ಡೆಯಾಗಿಸಿ, ಜನ ಜಾರುಬಂಡಿಗಳಲ್ಲಿ ಇಳಿಯುತ್ತಿದ್ದರು. ಅಮೆರಿಕದಲ್ಲಿ ಈ ಮೋಜು ಹುಟ್ಟಿದ್ದು ಗಣಿಯಿಂದ. ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಎಂಬಲ್ಲಿ ಗುಡ್ಡದ ಮೇಲಿನ ಕಲ್ಲಿದ್ದಲನ್ನು ಕಣಿವೆಗೆ ಇಳಿಸಲು 1827ರಲ್ಲಿ, ಅಂದರೆ ಸೈಕ್ಲೋನ್‌ಗಿಂತ ಸರಿಯಾಗಿ ನೂರು ವರ್ಷ ಮುಂಚೆ, ಹಳಿ ಹಾಕಿದರು. ತುಂಬಿದ ಬಂಡಿ ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. ಖಾಲಿ ಬಂಡಿಯನ್ನು ಹೇಸರಗತ್ತೆಗಳು ಮೇಲಕ್ಕೆ ಎಳೆಯುತ್ತಿದ್ದವು. ಗಣಿಯ ಸಾಗಣೆಗೆ ಬೇರೆ ರೈಲು ಬಂದ ಮೇಲೆ, 1870ರ ದಶಕದಲ್ಲಿ, ಆ ಹಳಿಗಳು ಪೂರ್ತಿಯಾಗಿ ಪ್ರವಾಸಿಗರ ಪಾಲಾದವು.

ಕಾಲುಚೀಲದ ವ್ಯಾಪಾರದಲ್ಲಿ ಹಣ ಮಾಡಿದ್ದ ಲಮಾರ್ಕಸ್ ಥಾಮ್ಸನ್ ಎಂಬಾತ ಈ ಮೋಜನ್ನು ಗುಡ್ಡದಿಂದ ಬಯಲಿಗೆ ತಂದ. 1884ರ ಜೂನ್‌ನಲ್ಲಿ ಕೋನಿ ಐಲೆಂಡಿನಲ್ಲಿ ಅವನ ಸ್ವಿಚ್‌ಬ್ಯಾಕ್ ರೈಲ್ವೆ ಶುರುವಾಯಿತು. ವೇಗ ಗಂಟೆಗೆ ಆರು ಮೈಲಿ, ಟಿಕೆಟ್ಟು ಐದು ಸೆಂಟು. ಇಂದಿನವರಿಗೆ ಅದು ನಡಿಗೆಗಿಂತ ಕೊಂಚ ಜೋರು ಅನ್ನಿಸೀತು. ಆದರೂ ಜನ ಮುಗಿಬಿದ್ದರು. ಆ ಸ್ವಿಚ್‌ಬ್ಯಾಕ್ ಇದ್ದ ಜಾಗದಲ್ಲೇ ಮುಂದೆ ಜೈಂಟ್ ರೇಸರ್ ಎಂಬ ಜೋಡಿ ಹಳಿಯ ಕೋಸ್ಟರ್ ಬಂತು. ಅದೂ ತೆರವಾದ ಮೇಲೆ ಅಲ್ಲಿ ಎದ್ದದ್ದು ಸೈಕ್ಲೋನ್. ಅಮೆರಿಕದ ರೋಲರ್ ಕೋಸ್ಟರ್ ಹುಟ್ಟಿದ ನೆಲ ಅದು.

ಆರು ಮೈಲಿಯ ವೇಗಕ್ಕೂ ಸೈಕ್ಲೋನ್‌ನ ಓಟಕ್ಕೂ ನಡುವೆ ಒಂದು ಮುಖ್ಯ ಆವಿಷ್ಕಾರವಿದೆ. ಹಿಂದಿನ ಗಾಡಿಗಳು ಹಳಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದವು. ಇಳಿಜಾರು ಕಡಿದಾದರೆ, ದಿಬ್ಬದ ನೆತ್ತಿಯಲ್ಲಿ ವೇಗ ಹೆಚ್ಚಾದರೆ, ಗಾಡಿ ಹಳಿ ಬಿಟ್ಟು ಹಾರುವ ಅಪಾಯ. ಜಾನ್ ಮಿಲ್ಲರ್ ಎಂಬ ವಿನ್ಯಾಸಕ ಹಳಿಯ ಅಡಿಭಾಗವನ್ನು ಕಚ್ಚಿಕೊಂಡು ಓಡುವ ಇನ್ನೊಂದು ಜೊತೆ ಗಾಲಿಯನ್ನು ರೂಪಿಸಿ 1919ರಲ್ಲಿ ಪೇಟೆಂಟ್ ಪಡೆದ. ಗಾಡಿ ಇನ್ನು ಮೇಲೇಳುವಂತಿರಲಿಲ್ಲ. ಅಲ್ಲಿಂದ ಮುಂದೆ ಇಳಿಜಾರುಗಳು ಕಡಿದಾದವು, ತಿರುವುಗಳು ಬಿಗಿಯಾದವು. 1920ರ ದಶಕ ಮರದ ಕೋಸ್ಟರ್‌ಗಳ ಸುವರ್ಣಯುಗವಾಗಲು ಈ ಗಾಲಿಯೇ ಕಾರಣ.

ಐದು ಸೆಂಟಿನ ರೈಲು, ಇಪ್ಪತ್ತೈದು ಸೆಂಟಿನ ಸವಾರಿ

ಸೈಕ್ಲೋನ್‌ಗೆ ಸವಾರರನ್ನು ಒದಗಿಸಿದ್ದು ಸಬ್‌ವೇ ರೈಲು. 1920ರ ಹೊತ್ತಿಗೆ ನಗರದ ರೈಲು ಸ್ಟಿಲ್‌ವೆಲ್ ಅವೆನ್ಯೂ ನಿಲ್ದಾಣದವರೆಗೆ ಬಂದಿತ್ತು. ಐದು ಸೆಂಟು ಕೊಟ್ಟರೆ ಮ್ಯಾನ್‌ಹಟನ್‌ನ ಇಕ್ಕಟ್ಟಿನ ವಠಾರಗಳಿಂದ ಕಡಲತೀರಕ್ಕೆ ಬಂದು ಇಳಿಯಬಹುದಿತ್ತು. 1923ರಲ್ಲಿ ಸಮುದ್ರದ ಉದ್ದಕ್ಕೂ ಹಲಗೆ ಹಾಸಿದ ಸಾರ್ವಜನಿಕ ಹಾದಿ ಸಿದ್ಧವಾಯಿತು. ಬಟ್ಟೆ ಹೊಲಿಯುವವರು, ಬಂದರಿನ ಹಮಾಲಿಗಳು, ಟೈಪಿಸ್ಟ್ ಹುಡುಗಿಯರು, ಇಟಲಿ, ಐರ್ಲೆಂಡ್, ಪೂರ್ವ ಯುರೋಪಿನಿಂದ ವಲಸೆ ಬಂದು ವಾರವಿಡೀ ದುಡಿಯುತ್ತಿದ್ದ ಸಂಸಾರಗಳು, ಎಲ್ಲರೂ ಭಾನುವಾರ ಇಲ್ಲಿಗೆ ಬರುತ್ತಿದ್ದರು. ಸುಡುಬೇಸಿಗೆಯ ಭಾನುವಾರಗಳಲ್ಲಿ ಹತ್ತು ಲಕ್ಷ ಜನ ಸೇರುತ್ತಿದ್ದುದುಂಟು. ಹವಾನಿಯಂತ್ರಣವಿಲ್ಲದ ಕಾಲದ ಆ ನಗರಕ್ಕೆ ಕೋನಿ ಐಲೆಂಡೇ ಗಾಳಿ, ಕೋನಿ ಐಲೆಂಡೇ ರಜೆ.

ಪೈಪೋಟಿಯೂ ಅಷ್ಟೇ ಜೋರಾಗಿತ್ತು. 1925ರಲ್ಲಿ ಥಂಡರ್‌ಬೋಲ್ಟ್ ಬಂತು, 1926ರಲ್ಲಿ ಟಾರ್ನೇಡೊ. ಎರಡನ್ನೂ ಮೀರಿಸುವ ಮೂರನೆಯದನ್ನು ಕಟ್ಟಲು ಜಾಕ್ ಮತ್ತು ಇರ್ವಿಂಗ್ ರೋಸೆಂತಾಲ್ ಎಂಬ ಅಣ್ಣತಮ್ಮಂದಿರು ಮುಂದಾದರು. ವಿನ್ಯಾಸ ವರ್ನನ್ ಕೀನನ್ ಅವರದು. ಕಟ್ಟಡದ ಹೊಣೆ ಹೊತ್ತವರು ಹ್ಯಾರಿ ಬೇಕರ್. ಖರ್ಚು ಒಂದು ಲಕ್ಷ ಡಾಲರ್ ದಾಟಿತೆಂಬುದು ಸಾಮಾನ್ಯ ಅಂದಾಜು.

ಸೈಕ್ಲೋನ್ ತೆರೆದ 1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿ ಪ್ಯಾರಿಸ್ ತಲುಪಿದ್ದ. ಮುಂದೆ ಆತನೂ ಸೈಕ್ಲೋನ್ ಹತ್ತಿದನೆಂದೂ, ಇದರ ರೋಮಾಂಚ ವಿಮಾನಕ್ಕಿಂತ ದೊಡ್ಡದು ಅಂದನೆಂದೂ ಕೋನಿ ಐಲೆಂಡಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಇನ್ನೊಂದು ಕಥೆ 1948ರದು. ವರ್ಷಗಟ್ಟಲೆ ಮಾತು ನಿಂತುಹೋಗಿದ್ದ ವೆಸ್ಟ್ ವರ್ಜೀನಿಯಾದ ಗಣಿ ಕಾರ್ಮಿಕನೊಬ್ಬ ಸೈಕ್ಲೋನ್‌ನಲ್ಲಿ ಕೂತು ಮೊದಲ ಇಳಿಜಾರಿನಲ್ಲಿ ಚೀರಿದ, ಕೆಳಗಿಳಿದ ಮೇಲೆ ಮಾತಾಡಿದ ಎಂಬುದು. ಇಂಥ ಕಥೆಗಳು ಒಂದು ಸವಾರಿಯನ್ನು ಊರಿನ ಆಸ್ತಿಯನ್ನಾಗಿ ಮಾಡುತ್ತವೆ. ಸೈಕ್ಲೋನ್‌ನ ಸುತ್ತ ಇವು ಮೊದಲ ದಶಕಗಳಲ್ಲೇ ಬೆಳೆದುಕೊಂಡವು.

ಒಂದು ನಿಮಿಷ ಐವತ್ತು ಸೆಕೆಂಡಿನ ಸವಾರಿ

ಜಾಗ ಬಹಳ ಕಿರಿದು: ಸುಮಾರು 75 ಅಡಿ ಅಗಲ, 500 ಅಡಿ ಉದ್ದ. ಅಷ್ಟರಲ್ಲಿ ಕೀನನ್ ಅವರು 2,640 ಅಡಿ, ಅಂದರೆ ಅರ್ಧ ಮೈಲಿಯ ಹಳಿಯನ್ನು ಮಡಚಿಟ್ಟರು. ಗಾಡಿ ಒಂದು ತುದಿಗೆ ಓಡಿ, ತಿರುಗಿ, ಮತ್ತೊಂದು ತುದಿಗೆ ಓಡುತ್ತದೆ. ಪ್ರತಿ ಸಲವೂ ಹಿಂದಿನ ಸಾಲಿನ ಒಳಗೆ, ಅಡಿಯಲ್ಲಿ, ಪಕ್ಕದಲ್ಲಿ ನುಗ್ಗುತ್ತದೆ. ಒಟ್ಟು 12 ಇಳಿಜಾರುಗಳು. ಮೇಲಿನ ಹಳಿಯ ತೊಲೆಗಳು ತಲೆಗೆ ತಾಗಿಯೇಬಿಟ್ಟವು ಅನ್ನುವಷ್ಟು ಹತ್ತಿರದಲ್ಲಿ ಸರಿದುಹೋಗುತ್ತವೆ. ಜಾಗದ ಕೊರತೆಯೇ ಸೈಕ್ಲೋನ್‌ನ ಗುಣವಾಯಿತು. ವಿಶಾಲ ಬಯಲಿನಲ್ಲಿ ಕಟ್ಟಿದ್ದರೆ ಈ ಉಸಿರುಕಟ್ಟುವ ಬಿಗಿತ ಅದಕ್ಕೆ ಬರುತ್ತಿರಲಿಲ್ಲ.

ಮೂರು ಗಾಡಿಗಳ ಒಂದು ರೈಲಿನಲ್ಲಿ 24 ಜನ ಕೂರುತ್ತಾರೆ. ಸರಪಳಿ ಅವರನ್ನು 85 ಅಡಿ ಎತ್ತರಕ್ಕೆ ಎಳೆದೊಯ್ಯುತ್ತದೆ. ಅಲ್ಲಿಂದ ಒಂದು ಕಡೆ ಸಮುದ್ರ, ಒಂದು ಕಡೆ ಬ್ರೂಕ್ಲಿನ್‌ನ ತಾರಸಿಗಳು ಕಾಣುತ್ತವೆ. ನೆತ್ತಿ ದಾಟಿದ ಮೇಲೆ ಯಾವ ಯಂತ್ರವೂ ನೂಕುವುದಿಲ್ಲ. ಏರುವಾಗ ಕೂಡಿಟ್ಟ ಶಕ್ತಿಯನ್ನೇ ಇಡೀ ಸವಾರಿ ಖರ್ಚು ಮಾಡುತ್ತದೆ. ಮೊದಲ ಇಳಿಜಾರು ಸುಮಾರು 60 ಡಿಗ್ರಿ ಕಡಿದು. ಪ್ರಚಾರದಲ್ಲಿ ಅದರ ವೇಗ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿ.ಮೀ. ಆದರೆ 85 ಅಡಿ ಇಳಿದ ವಸ್ತು, ಘರ್ಷಣೆ ಇಲ್ಲವೇ ಇಲ್ಲವೆಂದುಕೊಂಡರೂ, ಗಂಟೆಗೆ 80 ಕಿ.ಮೀ. ಆಸುಪಾಸಿನ ವೇಗವನ್ನಷ್ಟೇ ಮುಟ್ಟಬಲ್ಲದು. ಹಾಗಿದ್ದೂ ಕೂತವರಿಗೆ ಆ 60 ಮೈಲಿಯ ಮಾತು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ವೇಗವನ್ನು ದೇಹಕ್ಕೆ ಮುಟ್ಟಿಸುವುದು ಹತ್ತಿರದ ತೊಲೆಗಳು, ಹಳಿಯ ಅದುರು, ಎದುರಿಗೆ ತೂರಿಬರುವ ಕಡಲಗಾಳಿ. ಕೀನನ್ ಅವರ ಕೈಚಳಕ ಇರುವುದು ಇಲ್ಲಿಯೇ.

ಹಳೆಯ ಸವಾರರು ಕೊನೆಯ ಸಾಲಿಗಾಗಿ ಕಾಯುತ್ತಾರೆ. ಅದಕ್ಕೆ ಕಾರಣವಿದೆ. ರೈಲಿನ ಭಾರದ ಅರ್ಧಕ್ಕಿಂತ ಹೆಚ್ಚು ನೆತ್ತಿ ದಾಟಿದ ಮೇಲೆಯೇ ಓಟ ಬಿರುಸಾಗುವುದು. ಆಗ ಮುಂದಿನ ಸಾಲು ಇಳಿಜಾರಿನಲ್ಲಿ ಆಗಲೇ ಇಳಿದಿರುತ್ತದೆ, ಹಿಂದಿನ ಸಾಲು ಇನ್ನೂ ನೆತ್ತಿಯ ಈಚೆ ಇರುತ್ತದೆ. ಮುಂದಿನ ಗಾಡಿಗಳು ಎಳೆದ ಎಳೆತಕ್ಕೆ ಹಿಂದಿನವರು ವೇಗವಾಗಿಯೇ ನೆತ್ತಿ ದಾಟುತ್ತಾರೆ, ಸೀಟಿನಿಂದ ಮೇಲೇಳುತ್ತಾರೆ.

ಇದನ್ನು ಮರದ ಕೋಸ್ಟರ್ ಅನ್ನುವುದಕ್ಕೂ ವಿವರಣೆ ಬೇಕು. ಸೈಕ್ಲೋನ್‌ನ ಆಧಾರದ ಚೌಕಟ್ಟು ಉಕ್ಕಿನದು. ಗಾಡಿ ಓಡುವ ಹಳಿ ಮಾತ್ರ ಮರದ್ದು: ಹಲಗೆಗಳನ್ನು ಒಂದರ ಮೇಲೊಂದು ಪದರ ಪದರವಾಗಿ ಜೋಡಿಸಿ, ಗಾಲಿ ತಾಗುವ ಕಡೆ ಉಕ್ಕಿನ ಪಟ್ಟಿ ಹೊದಿಸಿದ್ದು. ಕೋಸ್ಟರ್‌ನ ಜಾತಿ ನಿರ್ಧಾರವಾಗುವುದು ಹಳಿಯಿಂದ. ಮರ ಭಾರಕ್ಕೆ ಕೊಂಚ ಬಾಗುತ್ತದೆ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಬಿಗಿಯಾಗಿ ಓಡುವ ರೈಲು ಗ್ರೀಸ್ ಬಿಸಿಯಾದ ಮಧ್ಯಾಹ್ನ ಚುರುಕಾಗುತ್ತದೆ. ಒಂದು ದಿನದ ಸವಾರಿ ಮರುದಿನದ ಹಾಗೆ ಇರದು.

ಇಳಿಗಾಲ

1929ರ ನಂತರದ ಆರ್ಥಿಕ ಕುಸಿತ ಅಮೆರಿಕದ ನೂರಾರು ಕೋಸ್ಟರ್‌ಗಳನ್ನು ನುಂಗಿತು. ರೋಸೆಂತಾಲ್ ಸೋದರರು 1930ರ ದಶಕದ ನಡುವೆ ನ್ಯೂಜೆರ್ಸಿಯ ಪಾಲಿಸೇಡ್ಸ್ ಪಾರ್ಕಿಗೆ ತಮ್ಮ ಗಮನ ಹರಿಸಿದರು. ಸೈಕ್ಲೋನ್‌ನ ಉಸ್ತುವಾರಿ ಕ್ರಿಸ್ಟೋಫರ್ ಫ್ಯೂಕ್ಟ್ ಅವರ ಕೈಗೆ ಬಂತು. ಅವರು ಶತಮಾನದ ಆರಂಭದಲ್ಲೇ ಕೋನಿ ಐಲೆಂಡಿನಲ್ಲಿ ಕೋಸ್ಟರ್ ಕಟ್ಟಿದ್ದ ಅನುಭವಿ. ಕಷ್ಟದ ವರ್ಷಗಳಲ್ಲಿ ಹಳಿ ಸುಸ್ಥಿತಿಯಲ್ಲಿ ಉಳಿದದ್ದರಲ್ಲಿ ಅಂಥ ಕೆಲಸ ಬಲ್ಲವರ ಪಾಲು ದೊಡ್ಡದು.

ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿನಿಂದ ಊರಿನ ಚಹರೆಯೇ ಬದಲಾಗತೊಡಗಿತು. 1903ರಿಂದ ಬೆಳಗುತ್ತಿದ್ದ ಲೂನಾ ಪಾರ್ಕ್ ಎಂಬ ಮೋಜಿನ ತಾಣ 1944ರಲ್ಲಿ ಬೆಂಕಿಗೆ ಸಿಕ್ಕಿ ಮತ್ತೆ ಏಳಲಿಲ್ಲ. ಕಾರು ಕೊಂಡ ಮಧ್ಯಮ ವರ್ಗ ದೂರದ ಬೀಚುಗಳಿಗೆ ಹೊರಟಿತು. ನಗರದ ಉದ್ಯಾನ ಇಲಾಖೆಯ ಮುಖ್ಯಸ್ಥ ರಾಬರ್ಟ್ ಮೋಸೆಸ್ ಅವರಿಗೆ ಗದ್ದಲದ ಸವಾರಿಗಳೆಂದರೆ ಆಗುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಶಾಂತ ಬೀಚು, ಉದ್ಯಾನ. 1957ರಲ್ಲಿ ಸೈಕ್ಲೋನ್‌ನ ಪಕ್ಕಕ್ಕೇ ನ್ಯೂಯಾರ್ಕ್ ಅಕ್ವೇರಿಯಂ ಬಂತು. 1897ರಿಂದ ನಡೆದಿದ್ದ ಸ್ಟೀಪಲ್‌ಚೇಸ್ ಪಾರ್ಕ್ 1964ರಲ್ಲಿ ಬಾಗಿಲು ಹಾಕಿತು. 1966ರಲ್ಲಿ ಕಟ್ಟಡ ಉದ್ಯಮಿ ಫ್ರೆಡ್ ಟ್ರಂಪ್ ಅದರ ಗಾಜಿನ ಮಂಟಪವನ್ನು ಕೆಡವಿಸಿದರು.

1970ರ ಆಸುಪಾಸಿನಲ್ಲಿ ನಗರಾಡಳಿತ ಸೈಕ್ಲೋನ್ ಅನ್ನು ಸುಮಾರು ಹತ್ತು ಲಕ್ಷ ಡಾಲರ್‌ಗೆ ಕೊಂಡಿತು. ಕೊಂಡದ್ದು ಕಾಪಾಡಲೆಂದಲ್ಲ. ಅಕ್ವೇರಿಯಂ ವಿಸ್ತರಣೆಗೆ ಆ ಜಾಗ ಬೇಕಾಗಿತ್ತು. 1970ರ ದಶಕದ ಆರಂಭದಲ್ಲಿ ಸೈಕ್ಲೋನ್ ಕೆಡವಬೇಕಾದವುಗಳ ಪಟ್ಟಿಯಲ್ಲಿತ್ತು.

ಬೇಡವೆಂದ ನಗರ, ಬಿಡದ ಜನ

ಆಗ ಕೋನಿ ಐಲೆಂಡಿನ ವ್ಯಾಪಾರಸ್ಥರು, ನಿವಾಸಿಗಳು, ಅಲ್ಲೇ ಆಡಿ ಬೆಳೆದು ಊರು ಬಿಟ್ಟವರು ಒಟ್ಟಾದರು. ಸೈಕ್ಲೋನ್ ಉಳಿಸಿ ಎಂಬ ಚಳವಳಿ ಶುರುವಾಯಿತು. ನಗರವೇ ದಿವಾಳಿಯ ಅಂಚಿನಲ್ಲಿದ್ದ ಕಾಲ ಅದು. ಅಪರಾಧ, ನಿರುದ್ಯೋಗ, ಬೆಂಕಿ ಬಿದ್ದ ಕಟ್ಟಡಗಳ ನಡುವೆ ಒಂದು ಮೋಜಿನ ಸವಾರಿಗಾಗಿ ಹೋರಾಡುವುದು ಹಲವರಿಗೆ ಅತಿಯೆನ್ನಿಸಿರಬಹುದು. ಹೋರಾಟಗಾರರ ನಿಲುವು ಸ್ಪಷ್ಟವಾಗಿತ್ತು: ಇದನ್ನೂ ಕೆಡವಿದರೆ ಕೋನಿ ಐಲೆಂಡ್ ಎಂದು ಕರೆಯಲು ಅಲ್ಲಿ ಉಳಿಯುವುದೇನು?

ನಗರ ಮಣಿಯಿತು. ಸವಾರಿಯನ್ನು ಗುತ್ತಿಗೆಗೆ ಕೊಡಲು ಒಪ್ಪಿತು. ಪಕ್ಕದಲ್ಲೇ ಆಸ್ಟ್ರೋಲ್ಯಾಂಡ್ ಪಾರ್ಕ್ ನಡೆಸುತ್ತಿದ್ದ ಡ್ಯೂಯಿ ಆಲ್ಬರ್ಟ್ ಮತ್ತು ಅವರ ಮಗ ಜೆರೋಮ್ ಗುತ್ತಿಗೆ ಹಿಡಿದು, ದುರಸ್ತಿ ಮಾಡಿಸಿ, 1975ರ ಜುಲೈ 3ರಂದು ಸೈಕ್ಲೋನ್ ಅನ್ನು ಮತ್ತೆ ಓಡಿಸಿದರು. ಅದರ ಅಕ್ಕಪಕ್ಕದವುಗಳಿಗೆ ಆ ಭಾಗ್ಯ ಇರಲಿಲ್ಲ. ಟಾರ್ನೇಡೊ 1977ರಲ್ಲಿ ಬೆಂಕಿಗೆ ಆಹುತಿಯಾಯಿತು. ಥಂಡರ್‌ಬೋಲ್ಟ್ 1982ರಲ್ಲಿ ನಿಂತು, ಬಳ್ಳಿ ಹಬ್ಬಿಸಿಕೊಂಡು ವರ್ಷಗಟ್ಟಲೆ ಒಣಗಿ, 2000ದಲ್ಲಿ ನೆಲಸಮವಾಯಿತು. ಮೂರು ಪ್ರತಿಸ್ಪರ್ಧಿಗಳಲ್ಲಿ ಉಳಿದದ್ದು ಯಾವುದಕ್ಕಾಗಿ ಜನ ಬೀದಿಗಿಳಿದರೋ ಅದೊಂದೇ.

ಆ ನಂತರ ಸರ್ಕಾರದ ಮನ್ನಣೆಯೂ ಬಂತು. 1988ರ ಜುಲೈ 12ರಂದು ನ್ಯೂಯಾರ್ಕ್ ನಗರ ಸೈಕ್ಲೋನ್ ಅನ್ನು ಸಂರಕ್ಷಿತ ಹೆಗ್ಗುರುತಾಗಿ ಸಾರಿತು. 1991ರ ಜೂನ್ 26ರಂದು, ಅದರ ಹುಟ್ಟುಹಬ್ಬದ ದಿನವೇ, ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಒಮ್ಮೆ ಕೆಡವಲು ಹೊರಟಿದ್ದ ಅದೇ ನಗರ ಅದರ ಕಾವಲಿಗೆ ನಿಂತಿತು.

ಈ ಚರಿತ್ರೆಯಲ್ಲಿ ದುಃಖದ ಪುಟಗಳೂ ಇವೆ. 1985, 1988 ಮತ್ತು 2007ರಲ್ಲಿ ಸೈಕ್ಲೋನ್ ಸವಾರಿಯಿಂದ ಜೀವಗಳು ಹೋದವು. 1988ರಲ್ಲಿ ತೀರಿಕೊಂಡವರು ಅಲ್ಲಿಯದೇ ನಿರ್ವಹಣಾ ಸಿಬ್ಬಂದಿ, ಊಟದ ಬಿಡುವಿನಲ್ಲಿ ಸವಾರಿ ಹತ್ತಿದ್ದ ಯುವಕ. ಶತಮಾನದ ನೆನಪಿನಲ್ಲಿ ಅವರನ್ನೂ ನೆನೆಯಬೇಕು. ತಪಾಸಣೆಯಲ್ಲಿ ರಾಜಿ ಇಲ್ಲ ಎಂಬ ನಿಯಮಕ್ಕೆ ಅಂಥ ನಷ್ಟಗಳ ನೆನಪೂ ಬೆನ್ನೆಲುಬಾಗಿ ನಿಲ್ಲಬೇಕು.

ನಕಲಿಗೆ ದಕ್ಕದ್ದು

1970ರ ದಶಕದಲ್ಲಿ ಸೈಕ್ಲೋನ್ ಮೇಲೆ ಕಣ್ಣಿಟ್ಟವರು ಇನ್ನೂ ಒಬ್ಬರಿದ್ದರು. ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಆಸ್ಟ್ರೋವರ್ಲ್ಡ್ ಪಾರ್ಕ್ ಇದನ್ನು ಬಿಚ್ಚಿ ಅಲ್ಲಿಗೆ ಸಾಗಿಸುವ ಆಲೋಚನೆ ಮಾಡಿತ್ತು. ಅದು ಆಗದ ಕೆಲಸವೆಂದು ತಿಳಿದ ಮೇಲೆ, ವಿಲಿಯಂ ಕಾಬ್ ಎಂಬ ಎಂಜಿನಿಯರ್ ಅವರಿಂದ ಇದರ ಕನ್ನಡಿಬಿಂಬದಂಥ ಕೋಸ್ಟರ್ ಕಟ್ಟಿಸಿತು. 1976ರಲ್ಲಿ ತೆರೆದ ಟೆಕ್ಸಾಸ್ ಸೈಕ್ಲೋನ್ ಮೂಲಕ್ಕಿಂತ ಎತ್ತರ, ತುಂಬ ಹೆಸರು ಮಾಡಿತು. ಮುಂದೆ ಕ್ಯಾಲಿಫೋರ್ನಿಯಾ, ಜಾರ್ಜಿಯಾ, ಇಲಿನಾಯ್‌ಗಳಲ್ಲೂ ಇದೇ ನಕ್ಷೆಯ ಕೋಸ್ಟರ್‌ಗಳು ಬಂದವು.

ಟೆಕ್ಸಾಸಿನದು 2005ರಲ್ಲಿ ಪಾರ್ಕಿನ ಜೊತೆಯೇ ಮುಚ್ಚಿತು. ಕ್ಯಾಲಿಫೋರ್ನಿಯಾದ್ದನ್ನು 2007ರಲ್ಲಿ ಕೆಡವಿದರು. ಜಾರ್ಜಿಯಾದ್ದಕ್ಕೆ ಉಕ್ಕಿನ ಹಳಿ ಹಾಕಿ ಬೇರೆಯದನ್ನೇ ಮಾಡಿದರು. ನಕ್ಷೆ ಒಂದೇ ಆಗಿದ್ದರೂ ಬಾಳಿಕೆ ಒಂದೇ ಆಗಲಿಲ್ಲ. ಆ ಪಾರ್ಕುಗಳಿಗೆ ಕೋಸ್ಟರ್ ಎಂದರೆ ಲೆಕ್ಕದ ಪುಸ್ತಕದ ಒಂದು ಸಾಲು. ಕೋನಿ ಐಲೆಂಡಿನವರಿಗೆ ಸೈಕ್ಲೋನ್ ಅಜ್ಜ ಅಜ್ಜಿ ಕೂತಿದ್ದ ಸೀಟು.

ಹಳಿಯ ಮೇಲೆ ನಡೆಯುವವರು

ಮರದ ಕೋಸ್ಟರ್ ಓಡಿಸುವುದೆಂದರೆ ಅದನ್ನು ದಿನವೂ ಕಟ್ಟುವುದು. ಸವಾರಿ ಶುರುವಾಗುವ ಮೊದಲು ಕೆಲಸದವರು ಹಳಿಯುದ್ದಕ್ಕೂ ನಡೆಯುತ್ತಾರೆ. ಸಡಿಲಗೊಂಡ ಬೋಲ್ಟ್, ಮೇಲೆದ್ದ ಮೊಳೆ, ಸೀಳಿದ ಹಲಗೆ, ಸವೆದ ಉಕ್ಕಿನ ಪಟ್ಟಿ, ಒಂದೊಂದನ್ನೂ ಕಣ್ಣಿಂದ, ಕೈಯಿಂದ, ಸುತ್ತಿಗೆಯ ಸದ್ದಿನಿಂದ ಪರೀಕ್ಷಿಸುತ್ತಾರೆ. ಖಾಲಿ ರೈಲು ಓಡಿಸಿ ನೋಡುತ್ತಾರೆ. ಚಳಿಗಾಲದಲ್ಲಿ ಪಾರ್ಕ್ ಮುಚ್ಚಿದಾಗ ದೊಡ್ಡ ಕೆಲಸ: ಹಳಿಯ ಒಂದಷ್ಟು ಭಾಗ ಕಿತ್ತು ಹೊಸ ಹಲಗೆ ಕೂರಿಸುವುದು, ಗಾಡಿ ಬಿಚ್ಚಿ ಜೋಡಿಸುವುದು, ಉಪ್ಪುಗಾಳಿ ತಿಂದ ಚೌಕಟ್ಟಿಗೆ ಬಣ್ಣ ಬಳಿಯುವುದು.

ಹಾಗಾದರೆ 1927ರ ಮರ ಇಂದು ಎಷ್ಟು ಉಳಿದಿದೆ ಎಂದು ಯಾರಾದರೂ ಕೇಳಬಹುದು. ನಮ್ಮ ಊರಿನ ತೇರನ್ನು ನೋಡಿ ಬೆಳೆದವರಿಗೆ ಇದಕ್ಕೆ ಉತ್ತರ ಗೊತ್ತು. ಒಂದು ವರ್ಷ ಗಾಲಿ, ಇನ್ನೊಂದು ವರ್ಷ ಅಚ್ಚು, ಮತ್ತೊಂದು ವರ್ಷ ತೊಲೆ ಬದಲಾಗುತ್ತದೆ. ಆದರೂ ಅದು ಅಜ್ಜಂದಿರು ಎಳೆದ ತೇರೇ. ಮರ ಸವೆಯುತ್ತದೆ, ಪಾಠ ಮುಂದಕ್ಕೆ ಹೋಗುತ್ತದೆ. ಸೈಕ್ಲೋನ್‌ನ ಎತ್ತರ, ತಿರುವು, ಇಳಿಜಾರು ಕೀನನ್ ಬರೆದಂತೆಯೇ ಇವೆ. ಅವನ್ನು ಹಾಗೆಯೇ ಇಡಲು ಬೇಕಾದ ವಿದ್ಯೆ ಒಂದು ಪೀಳಿಗೆಯ ಬಡಗಿಗಳಿಂದ ಇನ್ನೊಂದಕ್ಕೆ ಕೈದಾಟಿದೆ.

ಆ ವಿದ್ಯೆಯ ಬೆಲೆ 2008ರಿಂದೀಚೆಗೆ ಮತ್ತೆ ಮತ್ತೆ ಕಂಡಿದೆ. ಆಸ್ಟ್ರೋಲ್ಯಾಂಡ್ 2008ರಲ್ಲಿ ಮುಚ್ಚಿತು. 2010ರಲ್ಲಿ ಅದೇ ನೆಲದಲ್ಲಿ ಹೊಸ ಲೂನಾ ಪಾರ್ಕ್ ತೆರೆದು, ಮರುವರ್ಷ ಅದರ ಸಂಚಾಲಕರೇ ಸೈಕ್ಲೋನ್‌ನ ಹೊಣೆ ಹೊತ್ತರು. ಮರದ ಕೋಸ್ಟರ್‌ಗಳಿಗೇ ಹೆಸರಾದ ಗ್ರೇಟ್ ಕೋಸ್ಟರ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಹಲವು ಚಳಿಗಾಲಗಳಲ್ಲಿ ಕಂತು ಕಂತಾಗಿ ಹಳಿಯನ್ನು ಹೊಸದು ಮಾಡಿತು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಸಮುದ್ರವನ್ನೇ ಬೀದಿಗೆ ತಂದಿತು. ಮರುವಸಂತಕ್ಕೆ ಸೈಕ್ಲೋನ್ ಮತ್ತೆ ಓಡಿತು. ಕೋವಿಡ್‌ನಿಂದಾಗಿ 2020ರ ಇಡೀ ಬೇಸಿಗೆ ಅದು ನಿಂತಿತ್ತು. 2021ರ ಏಪ್ರಿಲ್ 9ರಂದು ಬಾಗಿಲು ತೆರೆಯಿತು. 2024ರ ಆಗಸ್ಟ್‌ನಲ್ಲಿ ಸರಪಳಿ ತಿರುಗಿಸುವ ಹಲ್ಲುಚಕ್ರದಲ್ಲಿ ಬಿರುಕು ಕಂಡಾಗ ಸವಾರಿ ನಿಲ್ಲಿಸಿ, ಚಕ್ರ ಬದಲಿಸಿ, ಪರೀಕ್ಷಿಸಿದ ಮೇಲೆಯೇ ಮತ್ತೆ ಜನರನ್ನು ಹತ್ತಿಸಿದರು. ನಿಲ್ಲಿಸುವ ಧೈರ್ಯವೂ ಕಾಪಾಡುವ ವಿದ್ಯೆಯ ಭಾಗವೇ.

ಎರಡನೆಯ ಶತಮಾನಕ್ಕೆ

ಸೈಕ್ಲೋನ್‌ಗಿಂತ ಎತ್ತರದ, ವೇಗದ, ನುಣುಪಾದ ಕೋಸ್ಟರ್‌ಗಳು ಲೋಕದ ತುಂಬ ಬಂದಿವೆ. 1959ರಲ್ಲಿ ಡಿಸ್ನಿಲ್ಯಾಂಡ್ ಉಕ್ಕಿನ ಕೊಳವೆಯ ಹಳಿ ಹಾಕಿದಂದಿನಿಂದ ಆ ಓಟ ನಿಂತಿಲ್ಲ. ಅಂಕಿಗಳಲ್ಲಿ ಅವುಗಳೊಡನೆ ಸ್ಪರ್ಧಿಸುವ ಅಗತ್ಯ ಸೈಕ್ಲೋನ್‌ಗೆ ಇಲ್ಲ. ದುಡಿಯುವ ಜನರ ಸಂತೋಷವೂ ಒಂದು ಪರಂಪರೆ, ದೊರೆಗಳ ಕಟ್ಟಡಗಳಿಗೆ ಸಲ್ಲುವ ಕಾಳಜಿ ಅದಕ್ಕೂ ಸಲ್ಲಬೇಕು ಎಂಬ ಮಾತನ್ನು ಒಂದು ಮಹಾನಗರದ ಕಾನೂನಿನ ಪುಸ್ತಕದಲ್ಲಿ ಬರೆಸಿದ ಹಿರಿಮೆ ಅದರದು.

ಶತಮಾನೋತ್ಸವಕ್ಕೆ ಭಾಷಣ, ದೀಪಾಲಂಕಾರ ಇದ್ದೇ ಇರುತ್ತವೆ. ಅವುಗಳ ಜೊತೆ ಮೂರು ಕೆಲಸ ಆಗಲಿ. ನೂರು ವರ್ಷ ಹಳಿ ಕಾಯ್ದ ಬಡಗಿಗಳ, ಯಂತ್ರ ಕೆಲಸಗಾರರ, ಬ್ರೇಕ್ ಹಿಡಿದವರ ಹೆಸರುಗಳು ವಿನ್ಯಾಸಕರ, ಮಾಲೀಕರ ಹೆಸರುಗಳ ಪಕ್ಕದಲ್ಲಿ ದಾಖಲಾಗಲಿ. ಅವರ ವಿದ್ಯೆ ಕಲಿಯಲು ಹೊಸ ಹುಡುಗ ಹುಡುಗಿಯರಿಗೆ ಸಂಬಳ ಸಹಿತ ಅವಕಾಶ ಸಿಗಲಿ. ಸಬ್‌ವೇ ಹತ್ತಿ ಬರುವ ಸಂಸಾರಕ್ಕೆ ಎಟುಕುವ ಟಿಕೆಟ್ಟು ಉಳಿಯಲಿ, ಏಕೆಂದರೆ ಈ ಸವಾರಿಯನ್ನು ಉಳಿಸಿದವರು ಅಂಥ ಸಂಸಾರಗಳವರು. ಇಷ್ಟಾದರೆ ಸೈಕ್ಲೋನ್‌ಗೆ ಇನ್ನೊಂದು ಶತಮಾನವನ್ನು ಹಾರೈಸುವ ಹಕ್ಕು ನಮಗೆ ಬರುತ್ತದೆ.